ರಕ್ಷಣಾ ಆದೇಶ ಉಲ್ಲಂಘನೆಯಾದಾಗ: ಕಾನೂನಿನ ಪರಿಣಾಮಗಳು ಮತ್ತು ನೊಂದ ಮಹಿಳೆ ಇಡಬೇಕಾದ ಹೆಜ್ಜೆಗಳು

ಕೌಟುಂಬಿಕ ದೌರ್ಜನ್ಯದ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಟ್ಟ ಮೇಲೆಯೂ ಗಂಡನೋ ಆತನ ಮನೆಯವರೋ ಫೋನ್ ಮಾಡುವುದು, ಕೆಲಸದ ಜಾಗಕ್ಕೆ ಬಂದು ನಿಲ್ಲುವುದು, ತವರಿನವರನ್ನು ಬೆದರಿಸುವುದು ನಿಲ್ಲದಿದ್ದರೆ, "ಕೋರ್ಟಿನ ಆದೇಶಕ್ಕೇ ಬೆಲೆಯಿಲ್ಲ ಎಂದಮೇಲೆ ಇನ್ನು ಯಾರ ಹತ್ತಿರ ಹೋಗುವುದು" ಎಂದು ಹೆಣ್ಣುಮಕ್ಕಳು ಕೈಚೆಲ್ಲುವುದುಂಟು. ವಾಸ್ತವದಲ್ಲಿ ಕಾನೂನಿನ ಹಿಡಿತ ಬಿಗಿಯಾಗುವುದು ಆ ಹಂತದಿಂದಲೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ಸಲ್ಲಿಸುವ ಮೂಲ ಅರ್ಜಿ ಬಹುಮಟ್ಟಿಗೆ ಸಿವಿಲ್ ಸ್ವರೂಪದ್ದು. ಅದರಿಂದ ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಪರಿಹಾರ ಸಿಗಬಹುದೇ ಹೊರತು ಪ್ರತಿವಾದಿಗೆ ಜೈಲು ಶಿಕ್ಷೆ ಆಗುವುದಿಲ್ಲ. ಆದರೆ ಆದೇಶ ಜಾರಿಯಲ್ಲಿರುವಾಗ ಅದನ್ನು ಮೀರಿದರೆ ಆ ಮೀರುವಿಕೆಯೇ ಬೇರೊಂದು ಅಪರಾಧವಾಗುತ್ತದೆ. ಹಿಂದಿನ ದೌರ್ಜನ್ಯವನ್ನೆಲ್ಲ ಮತ್ತೆ ಮೊದಲಿನಿಂದ ರುಜುವಾತು ಮಾಡಬೇಕಾಗಿಲ್ಲ. ಆದೇಶವಿತ್ತು, ಅದು ಆತನಿಗೆ ಗೊತ್ತಿತ್ತು, ಇಂಥ ದಿನ ಅದನ್ನು ಮೀರಿದ, ಇಷ್ಟನ್ನು ತೋರಿಸಿದರೆ ಸಾಕು.

ಈ ಕಾರಣಕ್ಕೆ ಈ ಬರಹದ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು: ಮೊದಲನೆಯ ಉಲ್ಲಂಘನೆಯನ್ನೇ ಬರಹದಲ್ಲಿ ದಾಖಲಿಸಿ. ಪೆಟ್ಟು ಬೀಳುವವರೆಗೆ ಕಾಯಬೇಡಿ.

ಶಿಕ್ಷೆ ಎಷ್ಟು, ಅಪರಾಧದ ಸ್ವರೂಪ ಏನು

ಕಾಯ್ದೆಯ 31ನೆಯ ಕಲಂ ಪ್ರಕಾರ ರಕ್ಷಣಾ ಆದೇಶವನ್ನು ಅಥವಾ ಮಧ್ಯಂತರ ರಕ್ಷಣಾ ಆದೇಶವನ್ನು ಉಲ್ಲಂಘಿಸಿದ ಪ್ರತಿವಾದಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಧ್ಯಂತರ ಆದೇಶವೂ ಇದರಲ್ಲಿ ಸೇರಿದೆ ಎಂಬುದನ್ನು ಗಮನಿಸಬೇಕು. "ಅಂತಿಮ ತೀರ್ಪು ಬಂದಿಲ್ಲವಲ್ಲ, ಇದು ಬರೀ ತಾತ್ಕಾಲಿಕ ಆದೇಶ" ಎಂಬ ವಾದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. 23ನೆಯ ಕಲಂ ಅಡಿಯಲ್ಲಿ ಪ್ರಮಾಣಪತ್ರದ (ಅಫಿಡವಿಟ್) ಆಧಾರದ ಮೇಲೆ, ಪ್ರತಿವಾದಿ ಹಾಜರಾಗುವ ಮೊದಲೇ ಕೊಟ್ಟ ಏಕಪಕ್ಷೀಯ ಆದೇಶವನ್ನೂ ಆತ ಪಾಲಿಸಲೇಬೇಕು.

ಅದಕ್ಕಿಂತಲೂ ಮುಖ್ಯವಾದುದು 32ನೆಯ ಕಲಂ. ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ವಿಶೇಷ ಕಾಯ್ದೆಗಳ ಅಪರಾಧಗಳು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದವು, ಮತ್ತು ಜಾಮೀನು ಹಕ್ಕಾಗಿ ಸಿಗುವಂಥವು. ಠಾಣೆಗಳಲ್ಲಿ "ಒಂದು ವರ್ಷದ ಶಿಕ್ಷೆಯಷ್ಟೇ ಅಲ್ಲವೇ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿ ಕಳಿಸಿ" ಎಂಬ ಮಾತು ಬರುವುದು ಈ ಸಾಮಾನ್ಯ ನಿಯಮ ತಲೆಯಲ್ಲಿರುವುದರಿಂದ. ಆದರೆ ರಕ್ಷಣಾ ಆದೇಶದ ಉಲ್ಲಂಘನೆಯ ಮಟ್ಟಿಗೆ ಸಂಸತ್ತು ಆ ಸಾಮಾನ್ಯ ನಿಯಮವನ್ನು ಬದಿಗಿಟ್ಟು, ಇದು ಸಂಜ್ಞೇಯ ಮತ್ತು ಜಾಮೀನುರಹಿತ ಅಪರಾಧ ಎಂದು ಸ್ಪಷ್ಟವಾಗಿ ಬರೆದಿದೆ. ದೂರು ಕೊಡಲು ಹೋಗುವಾಗ 31 ಮತ್ತು 32ನೆಯ ಕಲಂಗಳಿರುವ ಪುಟಗಳ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಠಾಣೆಯಲ್ಲಿ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಇದೇ 32ನೆಯ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ನೊಂದ ಮಹಿಳೆಯೊಬ್ಬಳ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬರಬಹುದು. ನಾಲ್ಕು ಗೋಡೆಗಳ ನಡುವೆ ನಡೆದ ಬೆದರಿಕೆಗೆ ಬೇರೆ ಸಾಕ್ಷಿ ಎಲ್ಲಿಂದ ತರುವುದು ಎಂದು ಹಿಂಜರಿಯುವವರಿಗಾಗಿಯೇ ಈ ಅವಕಾಶವಿದೆ.

ನಿಮ್ಮ ಆದೇಶದಲ್ಲಿ ಏನು ಬರೆದಿದೆ ಎಂದು ಮೊದಲು ಓದಿ

ಉಲ್ಲಂಘನೆ ಆಗಿದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಆದೇಶದ ಕೊನೆಯಲ್ಲಿರುವ ಆದೇಶ ಭಾಗದ ಒಕ್ಕಣೆ. 18ನೆಯ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಹಲವು ಬಗೆಯ ನಿರ್ಬಂಧಗಳನ್ನು ಹಾಕಬಹುದು. ಕೌಟುಂಬಿಕ ದೌರ್ಜನ್ಯ ಎಸಗಬಾರದು, ಅದಕ್ಕೆ ಕುಮ್ಮಕ್ಕು ಕೊಡಬಾರದು, ಮಹಿಳೆ ಕೆಲಸ ಮಾಡುವ ಸ್ಥಳಕ್ಕೆ ಅಥವಾ ಮಗುವಿನ ಶಾಲೆಗೆ ಬರಬಾರದು, ಎದುರಿಗೆ ಬಂದಾಗಲಿ ಬಾಯಿಮಾತಿನಲ್ಲಾಗಲಿ ಪತ್ರ, ಫೋನ್, ಎಲೆಕ್ಟ್ರಾನಿಕ್ ಸಂದೇಶಗಳ ಮೂಲಕವಾಗಲಿ ಆಕೆಯನ್ನು ಸಂಪರ್ಕಿಸಬಾರದು, ಜಂಟಿ ಬ್ಯಾಂಕ್ ಖಾತೆಯನ್ನೋ ಲಾಕರನ್ನೋ ನ್ಯಾಯಾಲಯದ ಅನುಮತಿಯಿಲ್ಲದೆ ಬಳಸಬಾರದು, ಸ್ತ್ರೀಧನ ಹಾಗೂ ಇತರ ಆಸ್ತಿಯನ್ನು ಪರಭಾರೆ ಮಾಡಬಾರದು, ಆಕೆಯ ಅವಲಂಬಿತರು, ಬಂಧುಗಳು ಅಥವಾ ಆಕೆಗೆ ನೆರವಾದ ಯಾರ ಮೇಲೂ ಹಿಂಸೆ ನಡೆಸಬಾರದು, ಹೀಗೆ. ಇವುಗಳಲ್ಲಿ ಎಲ್ಲವೂ ಪ್ರತಿಯೊಂದು ಆದೇಶದಲ್ಲಿಯೂ ಇರುವುದಿಲ್ಲ. ಕೇವಲ "ಪ್ರತಿವಾದಿಯು ಅರ್ಜಿದಾರಳ ಮೇಲೆ ಕೌಟುಂಬಿಕ ದೌರ್ಜನ್ಯ ಎಸಗತಕ್ಕದ್ದಲ್ಲ" ಎಂಬ ಒಂದೇ ಸಾಲಿದ್ದರೆ, ಆತ ಕಚೇರಿಯ ಮುಂದೆ ಸುಮ್ಮನೆ ಬಂದು ನಿಂತದ್ದನ್ನು ಉಲ್ಲಂಘನೆ ಎಂದು ಸಾಧಿಸಲು ಹೆಚ್ಚು ಶ್ರಮಪಡಬೇಕಾಗುತ್ತದೆ. ಅದೇ ಆದೇಶದಲ್ಲಿ ಕಚೇರಿಯ ಹೆಸರು, ವಿಳಾಸ, ಸಂಪರ್ಕದ ನಿಷೇಧ ಎಲ್ಲವೂ ಬಿಡಿಬಿಡಿಯಾಗಿ ಇದ್ದರೆ ಠಾಣಾಧಿಕಾರಿಗೂ ಅನುಮಾನ ಉಳಿಯುವುದಿಲ್ಲ.

ಆದ್ದರಿಂದ ಅರ್ಜಿ ಇನ್ನೂ ವಿಚಾರಣೆಯಲ್ಲಿರುವವರು ತಮ್ಮ ವಕೀಲರಿಗೆ ಹೇಳಿ ಈ ನಿರ್ಬಂಧಗಳನ್ನು ಒಂದೊಂದಾಗಿ ಕೇಳಬೇಕು. ಆದೇಶ ಈಗಾಗಲೇ ಬಂದಿದ್ದು ಅದು ತೀರಾ ಮೊಟಕಾಗಿದ್ದರೆ, ಬದಲಾದ ಸನ್ನಿವೇಶವನ್ನು ವಿವರಿಸಿ 25ನೆಯ ಕಲಂ ಅಡಿಯಲ್ಲಿ ಮಾರ್ಪಾಡು ಕೇಳಬಹುದು. ಮಕ್ಕಳನ್ನು ನೋಡಲು ತಂದೆಗೆ ಅವಕಾಶ ಕೊಟ್ಟಿರುವ ಪ್ರಕರಣಗಳಲ್ಲಿ ಇದು ಇನ್ನೂ ಅಗತ್ಯ. ಭಾನುವಾರ ಮಗುವನ್ನು ಎಲ್ಲಿ, ಯಾರ ಸಮ್ಮುಖದಲ್ಲಿ, ಎಷ್ಟು ಗಂಟೆಗೆ ಒಪ್ಪಿಸಬೇಕು, ಮಗುವಿನ ವಿಚಾರಕ್ಕೆ ಯಾವ ನಂಬರಿಗೆ ಸಂದೇಶ ಕಳಿಸಬಹುದು ಎಂಬುದು ಆದೇಶದಲ್ಲಿಲ್ಲದಿದ್ದರೆ, ಮಗುವಿನ ನೆಪದಲ್ಲಿ ಬರುವ ಪ್ರತಿಯೊಂದು ಕರೆಯೂ ಜಗಳಕ್ಕೆ ದಾರಿಯಾಗುತ್ತದೆ.

ಮನೆಯಿಂದ ಹೊರಹಾಕಬಾರದು ಎಂಬಂಥ ವಾಸದ ಆದೇಶ 19ನೆಯ ಕಲಂ ಅಡಿಯಲ್ಲಿ ಬರುತ್ತದೆ. ಕಾಯ್ದೆಯ ವ್ಯಾಖ್ಯಾನದಲ್ಲಿ "ರಕ್ಷಣಾ ಆದೇಶ" ಎಂದರೆ 18ನೆಯ ಕಲಂ ಆದೇಶ ಮಾತ್ರ. ಹಾಗಾಗಿ ವಾಸದ ಆದೇಶವನ್ನು ಮೀರಿದರೆ 31ನೆಯ ಕಲಂ ಅನ್ವಯಿಸುವುದಿಲ್ಲ ಎಂದು ಎದುರು ವಕೀಲರು ವಾದಿಸಬಹುದು. ಇದಕ್ಕೆ ಈ ಕಾಯ್ದೆಯಡಿ ರೂಪಿಸಿದ 2006ರ ನಿಯಮಗಳ 15(7)ನೆಯ ಉಪನಿಯಮದಲ್ಲಿ ಉತ್ತರವಿದೆ: ಈ ಕಾಯ್ದೆಯಡಿ ನ್ಯಾಯಾಲಯ ಮಾಡಿದ ಆದೇಶಗಳ ಜಾರಿಗೆ ಪ್ರತಿವಾದಿಯಾಗಲಿ ಅವನ ಪರವಾಗಿ ಇನ್ನಾರೇ ಆಗಲಿ ಅಡ್ಡಿಪಡಿಸಿದರೆ ಅದನ್ನು ರಕ್ಷಣಾ ಆದೇಶದ ಉಲ್ಲಂಘನೆ ಎಂದೇ ಪರಿಗಣಿಸಲಾಗುತ್ತದೆ. ಆದರೂ ಮನೆಗೆ ಸಂಬಂಧಿಸಿದ ನಿರ್ಬಂಧವನ್ನು 18 ಮತ್ತು 19, ಎರಡೂ ಕಲಂಗಳ ಅಡಿಯಲ್ಲಿ ಕೇಳಿಕೊಳ್ಳುವುದೇ ಜಾಣತನ. 19ನೆಯ ಕಲಂ ಅಡಿಯಲ್ಲಿ ಪ್ರತಿವಾದಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವಂತೆಯೂ, ಹತ್ತಿರದ ಠಾಣಾಧಿಕಾರಿ ರಕ್ಷಣೆ ಕೊಡುವಂತೆಯೂ ನಿರ್ದೇಶನ ಕೇಳಬಹುದು. ಈ ಎರಡನ್ನು ಕೇಳಲು ಬಹಳಷ್ಟು ಅರ್ಜಿಗಳಲ್ಲಿ ಮರೆತುಬಿಡುತ್ತಾರೆ.

ಆದೇಶ ಆತನಿಗೆ ತಲುಪಿತ್ತು ಎಂಬುದಕ್ಕೆ ಪುರಾವೆ

ಉಲ್ಲಂಘನೆಯ ಪ್ರಕರಣಗಳಲ್ಲಿ ಮೊದಲು ಬರುವ ಪ್ರತಿವಾದ "ನನಗೆ ಆದೇಶದ ವಿಷಯವೇ ಗೊತ್ತಿರಲಿಲ್ಲ" ಎಂಬುದು. ಅದರಲ್ಲೂ ಏಕಪಕ್ಷೀಯ ಮಧ್ಯಂತರ ಆದೇಶವಾಗಿದ್ದರೆ ಈ ಮಾತು ಖಂಡಿತ ಬರುತ್ತದೆ. 24ನೆಯ ಕಲಂ ಪ್ರಕಾರ ಆದೇಶದ ಪ್ರತಿಯನ್ನು ಎರಡೂ ಪಕ್ಷಗಾರರಿಗೆ, ಸಂಬಂಧಪಟ್ಟ ಪೊಲೀಸ್ ಠಾಣಾಧಿಕಾರಿಗೆ ಮತ್ತು ಆ ವ್ಯಾಪ್ತಿಯ ಸೇವಾ ಸಂಸ್ಥೆಗೆ ಉಚಿತವಾಗಿ ಕೊಡಬೇಕು. ಪ್ರತಿ ಹೋಗಿದೆ ಎಂದು ನಂಬಿ ಕೂರದೆ, ನೀವೇ ಠಾಣೆಗೆ ಹೋಗಿ ವಿಚಾರಿಸಿ. ಬಂದಿರದಿದ್ದರೆ ದೃಢೀಕೃತ ನಕಲಿನ ಜೆರಾಕ್ಸ್ ಪ್ರತಿಯನ್ನು ಮನವಿ ಪತ್ರದೊಂದಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಪ್ರತಿವಾದಿಗೆ ಜಾರಿಯಾದ ಬಗ್ಗೆ ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಮಹಿಳೆಗೆ ನೆರವಾಗಲು ನೇಮಕವಾದ ಅಧಿಕಾರಿ) ನ್ಯಾಯಾಲಯಕ್ಕೆ ಕೊಟ್ಟ ವರದಿಯ ನಕಲು, ಆದೇಶವಾದ ದಿನ ಅವನ ವಕೀಲರು ಹಾಜರಿದ್ದರೆ ಆ ದಿನದ ನ್ಯಾಯಾಲಯದ ದಿನವಹಿ ಟಿಪ್ಪಣಿ, ಇವೆರಡೂ ಕಡತದಲ್ಲಿರಲಿ. ಆದೇಶದ ವಿಷಯವನ್ನು ಆತನೇ ಪ್ರಸ್ತಾಪಿಸಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಇದ್ದರಂತೂ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. "ಕೋರ್ಟಿನಿಂದ ಕಾಗದ ತಂದುಬಿಟ್ಟರೆ ಹೆದರುತ್ತೇನೆ ಅಂದುಕೊಂಡೆಯಾ" ಎಂಬ ಒಂದು ಸಾಲಿನಲ್ಲಿ ಆದೇಶದ ಅರಿವು, ಉಲ್ಲಂಘನೆ ಎರಡೂ ಒಟ್ಟಿಗೆ ದಾಖಲಾಗಿರುತ್ತವೆ.

ಯಾವುದು ಉಲ್ಲಂಘನೆ, ಯಾರು ಹೊಣೆ

ಒಂದು ಉದಾಹರಣೆ ನೋಡೋಣ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಮಹಿಳೆಯ ಪರವಾಗಿ, ಗಂಡ ಆಕೆಯನ್ನು ಸಂಪರ್ಕಿಸಬಾರದು, ಅಂಗಡಿಗೆ ಬರಬಾರದು ಎಂದು ಮಧ್ಯಂತರ ಆದೇಶವಾಗಿದೆ ಎಂದುಕೊಳ್ಳಿ. ಗಂಡ ಅಂಗಡಿಯೊಳಗೆ ಕಾಲಿಡುವುದಿಲ್ಲ, ಆದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಎದುರಿನ ಚಹಾ ಗಾಡಿಯ ಪಕ್ಕ ಬೈಕ್ ನಿಲ್ಲಿಸಿಕೊಂಡು, ಅವಳು ಬಸ್ಸು ಹತ್ತುವವರೆಗೆ ಹಿಂದೆಯೇ ಬರುತ್ತಾನೆ. ಅವನ ತಮ್ಮ ಅಂಗಡಿಯ ಮಾಲೀಕರಿಗೆ ಫೋನ್ ಮಾಡಿ "ಅವಳನ್ನು ಕೆಲಸದಿಂದ ತೆಗೆಯಿರಿ" ಎನ್ನುತ್ತಾನೆ. ಅತ್ತೆ ಪಕ್ಕದ ಮನೆಯಾಕೆಯ ಫೋನಿನಿಂದ ಮಾತಾಡಿ "ಕೇಸು ವಾಪಸು ತೆಗೆ, ಇಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ಹೋಗುತ್ತೇವೆ" ಎಂದು ಬೆದರಿಸುತ್ತಾಳೆ. ಇಲ್ಲಿ ಹೊಡೆತ ಬಿದ್ದಿಲ್ಲ, ರಕ್ತ ಸುರಿದಿಲ್ಲ. ಆದರೂ ಇವೆಲ್ಲವೂ ದೂರಿನಲ್ಲಿ ಸೇರಬೇಕಾದ ಸಂಗತಿಗಳು. ಬೇರೆಯವರ ಮೂಲಕ ಸಂಪರ್ಕಿಸುವುದೂ ಸಂಪರ್ಕವೇ. ಮಾತಿನ ಬೆದರಿಕೆ, ಕೆಲಸ ಕಳೆಯುವ ಪ್ರಯತ್ನ ಇವೂ ಕಾಯ್ದೆಯ 3ನೆಯ ಕಲಂ ಹೇಳುವ ಭಾವನಾತ್ಮಕ ಹಾಗೂ ಆರ್ಥಿಕ ದೌರ್ಜನ್ಯದ ವ್ಯಾಪ್ತಿಯಲ್ಲಿ ಬರುತ್ತವೆ.

ಅತ್ತೆ, ನಾದಿನಿ ಹೆಣ್ಣುಮಕ್ಕಳಾದ್ದರಿಂದ ಅವರ ಮೇಲೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಹಳೆಯ ನಂಬಿಕೆ ಈಗಲೂ ಕೆಲವೆಡೆ ಉಳಿದಿದೆ. ಪ್ರತಿವಾದಿ "ವಯಸ್ಕ ಪುರುಷ"ನೇ ಆಗಿರಬೇಕು ಎಂಬ ಪದಗಳನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್‌ನಲ್ಲಿಯೇ ತೆಗೆದುಹಾಕಿದೆ. ಆದರೆ 31ನೆಯ ಕಲಂ "ಪ್ರತಿವಾದಿ" ಮಾಡಿದ ಉಲ್ಲಂಘನೆಯ ಬಗ್ಗೆ ಹೇಳುವುದರಿಂದ, ಯಾರ ವಿರುದ್ಧ ಆದೇಶವಾಗಿದೆ ಎಂಬುದನ್ನು ನೋಡಲೇಬೇಕು. ಮೇಲಿನ ಉದಾಹರಣೆಯಲ್ಲಿ ತಮ್ಮನನ್ನು ಅರ್ಜಿಯಲ್ಲಿ ಸೇರಿಸಿರದಿದ್ದರೆ, ಆತನ ಕರೆಯನ್ನು ಅಣ್ಣ ಮಾಡಿಸಿದ್ದು ಎಂದು ತೋರಿಸಬೇಕಾಗುತ್ತದೆ, ಅಥವಾ ಆತನ ಕೃತ್ಯದ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯಡಿ (ಹಳೆಯ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಬಂದ ಕಾನೂನು) ಬೇರೆ ದೂರು ಕೊಡಬೇಕಾಗುತ್ತದೆ.

ದೂರು ಕೊಡಲು ಇರುವ ಮೂರು ದಾರಿಗಳು

ಜೀವಕ್ಕೆ ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ, ಸುರಕ್ಷಿತ ಜಾಗಕ್ಕೆ ಹೋಗಿ. ಕಾಗದಪತ್ರದ ಕೆಲಸ ಆಮೇಲೆ. ಮಹಿಳಾ ಸಹಾಯವಾಣಿ 181ರ ಮೂಲಕ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನ ನೆರವು, ತಾತ್ಕಾಲಿಕ ಆಶ್ರಯ ಸಿಗುತ್ತದೆ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತು, ಯಾರು ಮಾಡಿದರು ಎಂಬುದನ್ನು ಮರೆಮಾಚದೆ ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಬೇಕು. "ಬಾತ್‌ರೂಮಿನಲ್ಲಿ ಜಾರಿಬಿದ್ದೆ" ಎಂದು ಮರ್ಯಾದೆಗೆ ಅಂಜಿ ಬರೆಸಿದ ಒಂದು ಸಾಲು ಮುಂದೆ ಪಾಟೀಸವಾಲಿನಲ್ಲಿ ಇಡೀ ಪ್ರಕರಣವನ್ನು ಕೆಡಿಸಬಲ್ಲದು.

ನಿಯಮ 15ರ ಪ್ರಕಾರ ಉಲ್ಲಂಘನೆಯನ್ನು ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಅಥವಾ ನೇರವಾಗಿ ಪೊಲೀಸರಿಗೆ ದೂರು ಕೊಡಬಹುದು, ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಜನರ ಬಾಯಲ್ಲಿ ಸಿಡಿಪಿಒ, ಸಂರಕ್ಷಣಾಧಿಕಾರಿಗಳಾಗಿ ಕೆಲಸ ಮಾಡುತ್ತಾರೆ. ಅವರಿಗೆ ಕೊಡುವ ದೂರು ಬರಹದಲ್ಲಿದ್ದು ಮಹಿಳೆಯ ಸಹಿ ಇರಬೇಕು. ಅವರು ಅದನ್ನು ಆದೇಶದ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆದೇಶ ಉಲ್ಲಂಘನೆಯಾದ ಮೇಲೆ ಮಹಿಳೆ ನೆರವು ಕೇಳಿದರೆ ಪೊಲೀಸರ ಸಹಾಯ ಪಡೆದು ಅವಳನ್ನು ಕೂಡಲೇ ರಕ್ಷಿಸುವುದೂ ಅವರ ಕರ್ತವ್ಯ. ಸಾಕಷ್ಟು ಕಾರಣವಿಲ್ಲದೆ, ಮ್ಯಾಜಿಸ್ಟ್ರೇಟರು ವಹಿಸಿದ ಕರ್ತವ್ಯವನ್ನು ಮಾಡಲು ನಿರಾಕರಿಸುವ ಸಂರಕ್ಷಣಾಧಿಕಾರಿಗೂ 33ನೆಯ ಕಲಂ ಒಂದು ವರ್ಷದವರೆಗಿನ ಶಿಕ್ಷೆ ಹೇಳುತ್ತದೆ. ಆದರೆ ಅಂಥ ಪ್ರಕರಣಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು.

ನನ್ನ ಸಲಹೆಯೆಂದರೆ ಒಂದೇ ದೂರನ್ನು ಎರಡು ಕಡೆ ಕೊಡಿ: ಠಾಣೆಗೆ ಒಂದು, ಸಂರಕ್ಷಣಾಧಿಕಾರಿಗೆ ಒಂದು. ಪೊಲೀಸ್ ತನಿಖೆ ಒಂದು ಕಡೆ ನಡೆಯಲಿ, ಆದೇಶ ಕೊಟ್ಟ ನ್ಯಾಯಾಲಯದ ಕಡತಕ್ಕೂ ವಿಷಯ ಸೇರಲಿ. ಉಲ್ಲಂಘನೆಯ ಅಪರಾಧವನ್ನು ಸಾಧ್ಯವಾದಷ್ಟು ಮಟ್ಟಿಗೆ ಆದೇಶ ಮಾಡಿದ ಮ್ಯಾಜಿಸ್ಟ್ರೇಟರೇ ವಿಚಾರಿಸಬೇಕು ಎಂದು ಕಾಯ್ದೆ ಹೇಳುವುದರಿಂದ, ಅವರ ಗಮನಕ್ಕೆ ಬೇಗ ಬಂದಷ್ಟೂ ಒಳ್ಳೆಯದು.

ದೂರಿನ ಒಕ್ಕಣೆ ಉದ್ದವಾಗಿರಬೇಕಿಲ್ಲ. ಹೀಗಿದ್ದರೆ ಸಾಕು:

"ಮಾನ್ಯರೇ, ನನ್ನ ಗಂಡನಾದ ಶ್ರೀ ______ ಇವರ ವಿರುದ್ಧ ______ ಜೆಎಂಎಫ್‌ಸಿ ನ್ಯಾಯಾಲಯದ ಕ್ರಿಮಿನಲ್ ಮಿಸಲೇನಿಯಸ್ ಸಂಖ್ಯೆ ______ರಲ್ಲಿ ದಿನಾಂಕ ______ರಂದು ರಕ್ಷಣಾ ಆದೇಶವಾಗಿದ್ದು, ಆದೇಶದ ______ನೆಯ ಅಂಶದ ಪ್ರಕಾರ ಅವರು ನನ್ನನ್ನು ಯಾವುದೇ ರೀತಿಯಲ್ಲಿ ಸಂಪರ್ಕಿಸಬಾರದು ಮತ್ತು ನಾನು ಕೆಲಸ ಮಾಡುವ ಸ್ಥಳಕ್ಕೆ ಬರಬಾರದು. ಈ ಆದೇಶವು ಅವರಿಗೆ ದಿನಾಂಕ ______ರಂದು ಜಾರಿಯಾಗಿರುತ್ತದೆ. ಹೀಗಿದ್ದರೂ ದಿನಾಂಕ ______ರಂದು ಸಂಜೆ ______ ಗಂಟೆಗೆ ನಾನು ಕೆಲಸ ಮಾಡುವ ______ ಅಂಗಡಿಯ ಬಾಗಿಲಿಗೆ ಬಂದು, '______' ಎಂದು ಬೆದರಿಸಿರುತ್ತಾರೆ. ಆ ಸಮಯದಲ್ಲಿ ನನ್ನ ಸಹೋದ್ಯೋಗಿ ______ ಇದ್ದರು. ಸದರಿ ಕೃತ್ಯವು 2005ರ ಕಾಯ್ದೆಯ 31ನೆಯ ಕಲಂ ಪ್ರಕಾರ ಅಪರಾಧವಾಗಿದ್ದು, 32ನೆಯ ಕಲಂ ಪ್ರಕಾರ ಸಂಜ್ಞೇಯ ಹಾಗೂ ಜಾಮೀನುರಹಿತವಾಗಿರುತ್ತದೆ. ಆದ್ದರಿಂದ ಪ್ರಥಮ ವರ್ತಮಾನ ವರದಿ ದಾಖಲಿಸಿ ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ."

ಬೆದರಿಕೆಯ ಮಾತುಗಳನ್ನು "ಅವಾಚ್ಯವಾಗಿ ಬೈದರು" ಎಂದು ಸಾರಾಂಶವಾಗಿ ಬರೆಯಬೇಡಿ. ಅವರು ಆಡಿದ್ದನ್ನು ಆಡಿದಂತೆಯೇ, ಎಷ್ಟೇ ಮುಜುಗರವಾದರೂ, ಬರೆಯಿರಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ

"ಇದು ಗಂಡ ಹೆಂಡಿರ ವಿಷಯ, ಕೂತು ಮಾತಾಡಿ" ಎಂದು ಇಬ್ಬರನ್ನೂ ಕರೆಸಿ, ಮುಚ್ಚಳಿಕೆ ಬರೆಸಿ, ಅರ್ಜಿ ವಿಚಾರಣೆ ಮುಗಿಸಿ ಹಿಂಬರಹ ಕೊಟ್ಟು ಕಳಿಸುವುದು ಬಹಳ ಕಡೆ ನಡೆದುಬಂದಿದೆ. ಸಂಪರ್ಕವನ್ನೇ ನಿಷೇಧಿಸಿ ನ್ಯಾಯಾಲಯ ಆದೇಶ ಮಾಡಿರುವಾಗ ಅದೇ ವ್ಯಕ್ತಿಯ ಎದುರು ಆಕೆಯನ್ನು ಕೂರಿಸಿ ರಾಜಿ ಮಾಡಿಸುವುದು ಆದೇಶದ ಉದ್ದೇಶಕ್ಕೇ ವಿರುದ್ಧ. ಇದನ್ನು ವಿನಯದಿಂದಲೇ, ಆದರೆ ಗಟ್ಟಿಯಾಗಿ ಹೇಳಬೇಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿ ಹೇಳಿದೆ. ವೈವಾಹಿಕ ವ್ಯಾಜ್ಯಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಬಹುದು ಎಂದು ಅದೇ ತೀರ್ಪಿನಲ್ಲಿರುವುದನ್ನು ಪೊಲೀಸರು ತೋರಿಸಬಹುದು. ಆದರೆ ಇಲ್ಲಿ ತನಿಖೆಯಾಗಬೇಕಿರುವುದು ದಾಂಪತ್ಯದ ಜಗಳ ಅಲ್ಲ, ನ್ಯಾಯಾಲಯದ ಆದೇಶವನ್ನು ಮೀರಿದ ಕೃತ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಬಂದ ಕಾನೂನು) 173(3)ನೆಯ ಕಲಂನಲ್ಲಿರುವ 14 ದಿನಗಳ ಪ್ರಾಥಮಿಕ ವಿಚಾರಣೆಯ ಅವಕಾಶವೂ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಒಂದು ವರ್ಷದ ಶಿಕ್ಷೆಯ ಈ ಅಪರಾಧಕ್ಕೆ ಅದು ಅನ್ವಯಿಸುವುದಿಲ್ಲ.

ಅಷ್ಟಾದರೂ ದಾಖಲಿಸದಿದ್ದರೆ, ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಕ್ರಮವಾಗದಿದ್ದರೆ ಅದೇ ಸುರಕ್ಷಾ ಸಂಹಿತೆಯ 175(3)ನೆಯ ಕಲಂ ಅಡಿಯಲ್ಲಿ, ಪ್ರಮಾಣಪತ್ರ ಸಹಿತ ಅರ್ಜಿ ಸಲ್ಲಿಸಿ ತನಿಖೆಗೆ ಆದೇಶಿಸುವಂತೆ ಮ್ಯಾಜಿಸ್ಟ್ರೇಟರನ್ನು ಕೋರಬಹುದು. 223ನೆಯ ಕಲಂ ಅಡಿಯಲ್ಲಿ ಖಾಸಗಿ ದೂರು ಕೊಡುವ ದಾರಿಯೂ ಇದೆ. ಆದರೆ ಹೊಸ ಸಂಹಿತೆಯ ಪ್ರಕಾರ ಖಾಸಗಿ ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲು ಆರೋಪಿಯ ಮಾತು ಕೇಳಬೇಕಾದ್ದರಿಂದ ಅದಕ್ಕೆ ಸಮಯ ಹಿಡಿಯುತ್ತದೆ. ನೀವು ತವರಿಗೆ ಬಂದಿದ್ದು, ಆದೇಶ ಬೇರೆ ಊರಿನದಾಗಿದ್ದರೆ ಅದಕ್ಕೂ ಅಂಜಬೇಕಾಗಿಲ್ಲ. ಈ ಕಾಯ್ದೆಯ ಆದೇಶ ಭಾರತದಾದ್ಯಂತ ಜಾರಿಗೆ ಬರುತ್ತದೆ ಎಂದು 27ನೆಯ ಕಲಂ ಹೇಳುತ್ತದೆ. ಮೈಸೂರಿನ ಆದೇಶವನ್ನು ಮುಂಬೈಯಲ್ಲಿ ಮೀರಿದರೂ ಅದು ಅಪರಾಧವೇ, ಮತ್ತು ವ್ಯಾಪ್ತಿ ನಮ್ಮದಲ್ಲ ಎಂದು ಯಾವ ಠಾಣೆಯೂ ದೂರನ್ನು ನಿರಾಕರಿಸುವಂತಿಲ್ಲ. ಶೂನ್ಯ ಸಂಖ್ಯೆಯಲ್ಲಿ ಎಫ್‌ಐಆರ್ ದಾಖಲಿಸಿ ವರ್ಗಾಯಿಸಬೇಕು.

ವಕೀಲರ ಫೀಸಿನ ಚಿಂತೆಯಿಂದ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಂ ಪ್ರಕಾರ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು.

ಬಂಧನ ಮತ್ತು ಜಾಮೀನು

ಜಾಮೀನುರಹಿತ ಎಂದ ಮಾತ್ರಕ್ಕೆ ದೂರು ಕೊಟ್ಟ ಸಂಜೆಯೇ ಬಂಧನವಾಗುತ್ತದೆ ಎಂದು ನಿರೀಕ್ಷಿಸಬಾರದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯ ಎಂಬುದಕ್ಕೆ ಪೊಲೀಸರು ಕಾರಣ ದಾಖಲಿಸಬೇಕು. ಇಲ್ಲದಿದ್ದರೆ ಹಾಜರಾಗುವಂತೆ ನೋಟಿಸ್ ಕೊಡಬೇಕು. ಸುಪ್ರೀಂ ಕೋರ್ಟ್ 2014ರಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳಿದ್ದು, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಂನಲ್ಲಿದೆ. ಆದರೆ ಮತ್ತೆ ಅಪರಾಧ ಎಸಗದಂತೆ ತಡೆಯುವುದು, ಸಾಕ್ಷಿಗಳನ್ನು ಬೆದರಿಸದಂತೆ ತಡೆಯುವುದು ಬಂಧನಕ್ಕೆ ಕಾನೂನೇ ಒಪ್ಪಿರುವ ಕಾರಣಗಳು. ಹಿಂದಿನ ಹಲ್ಲೆಗಳು, ಮನೆಯಲ್ಲಿರುವ ಮಚ್ಚು ಅಥವಾ ಬಂದೂಕು, ಕುಡಿದಾಗಿನ ವರ್ತನೆ, ಕೊಲ್ಲುವ ಬೆದರಿಕೆ, ಇವುಗಳನ್ನೆಲ್ಲ ದೂರಿನಲ್ಲಿ ದಿನಾಂಕ ಸಹಿತ ಬರೆದಿದ್ದರೆ ತನಿಖಾಧಿಕಾರಿಗೆ ಆ ಕಾರಣ ದಾಖಲಿಸಲು ಆಧಾರ ಸಿಗುತ್ತದೆ.

ಜಾಮೀನು ಸಿಕ್ಕರೂ ಷರತ್ತುಗಳನ್ನು ಹಾಕುವ ಅಧಿಕಾರವನ್ನು ನಿಯಮ 15(9) ನ್ಯಾಯಾಲಯಕ್ಕೆ ಕೊಟ್ಟಿದೆ. ದೌರ್ಜನ್ಯದ ಬೆದರಿಕೆ ಹಾಕಬಾರದು, ಫೋನ್ ಮಾಡಬಾರದು, ಮಹಿಳೆ ಇರುವ ಮನೆಯನ್ನು ಬಿಟ್ಟು ದೂರವಿರಬೇಕು, ಆಯುಧ ಇಟ್ಟುಕೊಳ್ಳಬಾರದು, ಮದ್ಯ ಸೇವಿಸಬಾರದು ಎಂಬಂಥ ಷರತ್ತುಗಳು ಅದರಲ್ಲಿ ಹೆಸರಿಸಿಯೇ ಇವೆ. ಜಾಮೀನು ಅರ್ಜಿ ಬಂದಾಗ ಸಹಾಯಕ ಸರ್ಕಾರಿ ಅಭಿಯೋಜಕರನ್ನು ಕಂಡು, ನಿಮಗೆ ಯಾವ ಷರತ್ತು ಅಗತ್ಯ ಎಂದು ಬರಹದಲ್ಲಿ ಕೊಡಿ. ಷರತ್ತು ಮೀರಿದರೆ ಜಾಮೀನು ರದ್ದತಿ ಕೋರಬಹುದು.

ವಿಚಾರಣೆ, ಪುರಾವೆ, ಕಾಲಮಿತಿ

ಉಲ್ಲಂಘನೆಯ ಅಪರಾಧವನ್ನು ಸಂಕ್ಷಿಪ್ತ ವಿಚಾರಣೆಯ ಕ್ರಮದಲ್ಲಿ ಬೇಗ ಮುಗಿಸಲು ಅವಕಾಶವಿದೆ. ಸಂಗತಿಗಳು ಹೊಂದಿದರೆ ಇದರ ಜೊತೆಗೆ ಗಂಡ ಅಥವಾ ಅವನ ಬಂಧುಗಳ ಕ್ರೌರ್ಯಕ್ಕೆ ಸಂಬಂಧಿಸಿದ ಆರೋಪವನ್ನೂ (ಹಳೆಯ 498ಎ, ಈಗ ನ್ಯಾಯ ಸಂಹಿತೆಯ 85ನೆಯ ಕಲಂ, ಮೂರು ವರ್ಷದವರೆಗೆ ಶಿಕ್ಷೆ), ವರದಕ್ಷಿಣೆ ನಿಷೇಧ ಕಾಯ್ದೆಯ ಆರೋಪವನ್ನೂ ಮ್ಯಾಜಿಸ್ಟ್ರೇಟರು ಹೊರಿಸಬಹುದು. ಬಟ್ಟೆ ಅಂಗಡಿಯ ಉದಾಹರಣೆಯಲ್ಲಿ ಹಿಂಬಾಲಿಸಿದ್ದಕ್ಕೆ ನ್ಯಾಯ ಸಂಹಿತೆಯ 78ನೆಯ ಕಲಂ, ಬೆದರಿಕೆಗೆ 351ನೆಯ ಕಲಂ ಸೇರಬಹುದು.

ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ, ನಂಬರನ್ನು ಬ್ಲಾಕ್ ಮಾಡುವ ಮೊದಲು ಎಲ್ಲವನ್ನೂ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಸಂದೇಶ ಬಂದ ಫೋನೂ ಇರಬೇಕು. ಅದರ ಮುದ್ರಿತ ಪ್ರತಿಯನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ಪ್ರಮಾಣಪತ್ರ (ಸರ್ಟಿಫಿಕೇಟ್) ಬೇಕಾಗುತ್ತದೆ. ಅಂಗಡಿಯ ಅಥವಾ ಅಪಾರ್ಟ್‌ಮೆಂಟಿನ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವುದರಿಂದ, ದೂರಿನಲ್ಲಿಯೇ ಆ ಕ್ಯಾಮೆರಾ ಇರುವ ಜಾಗವನ್ನು ನಮೂದಿಸಿ, ಮಾಲೀಕರಿಗೂ ದೃಶ್ಯ ಉಳಿಸಿಡುವಂತೆ ಪತ್ರ ಕೊಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಹೊತ್ತು, ಜಾಗ, ಆಡಿದ ಮಾತು, ಅಲ್ಲಿದ್ದವರು ಇವಿಷ್ಟನ್ನು ಅದೇ ದಿನ ಬರೆದಿಡುವ ಅಭ್ಯಾಸ, ವರ್ಷದ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತಾಗ ನಿಮ್ಮ ನೆನಪಿಗೆ ಬಲವಾಗುತ್ತದೆ.

ಕಾಲಮಿತಿಯ ವಿಷಯದಲ್ಲಿ ಎಚ್ಚರ ಬೇಕು. ಮೂಲ ಅರ್ಜಿಗೆ ಒಂದು ವರ್ಷದ ಮಿತಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ 31ನೆಯ ಕಲಂ ಅಪರಾಧಕ್ಕೆ ಅದು ಅನ್ವಯಿಸುತ್ತದೆ, ಉಲ್ಲಂಘನೆಯಾದ ದಿನದಿಂದ ಎಣಿಕೆ ಶುರುವಾಗುತ್ತದೆ. ಸರಿಹೋಗಬಹುದು ಎಂದು ವರ್ಷಗಟ್ಟಲೆ ಸಹಿಸಿಕೊಂಡು ಆಮೇಲೆ ಒಟ್ಟಿಗೆ ದೂರು ಕೊಟ್ಟರೆ ಹಳೆಯ ಉಲ್ಲಂಘನೆಗಳು ಕೈತಪ್ಪಿಹೋಗುತ್ತವೆ.

ಜೀವನಾಂಶ ಕೊಡದಿದ್ದರೆ

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತದೆ, ಮತ್ತು ಇದರಲ್ಲಿಯೇ ಹೆಚ್ಚು ಗೊಂದಲವಿದೆ. ತಿಂಗಳ ಹಣ ಕೊಡಬೇಕೆಂಬ ಆದೇಶ 20ನೆಯ ಕಲಂನದು, ಅದು ರಕ್ಷಣಾ ಆದೇಶವಲ್ಲ. ಹಣ ಬಾಕಿ ಉಳಿಸಿಕೊಂಡರೆ 31ನೆಯ ಕಲಂ ಅನ್ವಯಿಸುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನ ನಿಲುವುಗಳಿವೆ. ಅನ್ವಯಿಸುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಕರ್ನಾಟಕ ಹೈಕೋರ್ಟಿನ ನಿಲುವೂ ಇದೇ ದಿಕ್ಕಿನಲ್ಲಿದೆ. ಆದ್ದರಿಂದ ಬಾಕಿ ಹಣಕ್ಕಾಗಿ ಠಾಣೆಗೆ ಅಲೆದು ದಿನ ಕಳೆಯುವುದಕ್ಕಿಂತ, ಅದೇ ನ್ಯಾಯಾಲಯದಲ್ಲಿ ಜಾರಿ ಅರ್ಜಿ ಹಾಕುವುದು ಸರಿಯಾದ ದಾರಿ. ನಿಯಮ 6(5)ರ ಪ್ರಕಾರ ಈ ಆದೇಶಗಳನ್ನು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ, ಅಂದರೆ ಈಗಿನ ಸುರಕ್ಷಾ ಸಂಹಿತೆಯ 144ನೆಯ ಕಲಂನ ಜೀವನಾಂಶದ ಆದೇಶದಂತೆಯೇ ಜಾರಿ ಮಾಡಬಹುದು. ವಸೂಲಿ ವಾರಂಟ್ ಹೊರಡಿಸಿದ ಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಇಲ್ಲಿಯೂ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆತ ಸಂಬಳದ ನೌಕರನಾಗಿದ್ದರೆ 20(6)ರ ಅಡಿಯಲ್ಲಿ ಸಂಬಳದಿಂದಲೇ ಕಡಿತ ಮಾಡಿ ನೇರವಾಗಿ ನಿಮಗೆ ಕೊಡುವಂತೆ ಉದ್ಯೋಗದಾತರಿಗೆ ನಿರ್ದೇಶನ ಕೇಳಿ.

ಪ್ರತಿವಾದಿಗಳು ತಿಳಿದಿರಬೇಕಾದದ್ದು

ಆದೇಶ ತಪ್ಪು ಎನಿಸಿದರೆ ಅದನ್ನು ಪ್ರಶ್ನಿಸಲು ಕಾನೂನು ದಾರಿ ಕೊಟ್ಟಿದೆ: ಆದೇಶ ಜಾರಿಯಾದ ದಿನದಿಂದ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ. ಆದೇಶದ ನಂತರ ಸನ್ನಿವೇಶ ಬದಲಾಗಿದ್ದರೆ 25(2)ರ ಅಡಿಯಲ್ಲಿ ಮಾರ್ಪಾಡಿಗೆ ಅರ್ಜಿ. ತಡೆಯಾಜ್ಞೆ ಸಿಗುವವರೆಗೆ ಆದೇಶವನ್ನು ಪಾಲಿಸಲೇಬೇಕು. ಮೇಲ್ಮನವಿ ಹಾಕಿದ್ದೇನೆ ಎಂಬುದು ಉಲ್ಲಂಘನೆಗೆ ಸಮರ್ಥನೆಯಾಗದು. ಹೆಂಡತಿಯೇ ಮೊದಲು ಫೋನ್ ಮಾಡಿದಳು ಎಂಬುದೂ ಆದೇಶವನ್ನು ರದ್ದು ಮಾಡುವುದಿಲ್ಲ. ಮಾತಾಡಬೇಕಾದ ವಿಷಯವಿದ್ದರೆ ವಕೀಲರ ಮೂಲಕ ಆಗಲಿ.

ಶಿಕ್ಷೆ ಒಂದು ವರ್ಷದ್ದಷ್ಟೇ ಎಂದು ಹಗುರವಾಗಿ ಕಾಣುವವರು ಅದರಾಚೆಗಿನ ಪರಿಣಾಮಗಳನ್ನೂ ನೋಡಬೇಕು. ಕರ್ನಾಟಕ ಸರ್ಕಾರಿ ನೌಕರ 48 ಗಂಟೆಗಳಿಗಿಂತ ಹೆಚ್ಚು ಕಾಲ ಕಸ್ಟಡಿಯಲ್ಲಿದ್ದರೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ಆ ದಿನದಿಂದಲೇ ಅಮಾನತಾದಂತೆ. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಣೆಗೆ ಅದು ಕಾರಣವಾಗಬಹುದು. ವಿದೇಶದಲ್ಲಿ ಕೆಲಸ ಮಾಡುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ.

ಮತ್ತೆ ಒಟ್ಟಿಗೆ ಬಾಳಲು ನಿರ್ಧರಿಸಿದರೆ

ಕೆಲವು ದಂಪತಿಗಳು ಆದೇಶದ ನಂತರ ಮತ್ತೆ ಕೂಡಿ ಬಾಳಲು ಮನಸ್ಸು ಮಾಡುತ್ತಾರೆ. ಅದು ಅವರ ಹಕ್ಕು. ಆದರೆ ಒಟ್ಟಿಗೆ ಇರಲು ಶುರುಮಾಡಿದ ಮಾತ್ರಕ್ಕೆ ಆದೇಶ ತಾನಾಗಿ ಬಿದ್ದುಹೋಗುವುದಿಲ್ಲ. ರದ್ದುಪಡಿಸಲು ಮಹಿಳೆಯೇ ಅರ್ಜಿ ಹಾಕುವವರೆಗೆ ಅದು ಜಾರಿಯಲ್ಲಿರುತ್ತದೆ. ಸಂಪರ್ಕ ನಿಷೇಧ ಕಾಗದದಲ್ಲಿ ಉಳಿದು, ಇಬ್ಬರೂ ಒಂದೇ ಮನೆಯಲ್ಲಿದ್ದರೆ, ಮುಂದೆ ನಿಜವಾಗಿಯೂ ಹಲ್ಲೆ ನಡೆದ ದಿನ "ಆದೇಶವನ್ನು ಅವಳೇ ಪಾಲಿಸಲಿಲ್ಲ" ಎಂಬ ವಾದಕ್ಕೆ ಎಡೆಯಾಗುತ್ತದೆ. ಉಲ್ಲಂಘನೆಯ ಎಫ್‌ಐಆರ್ ಈಗಾಗಲೇ ಆಗಿದ್ದರೆ ಅದನ್ನು ಠಾಣೆಯಲ್ಲಿ ಹೇಳಿ ವಾಪಸು ಪಡೆಯಲು ಬರುವುದಿಲ್ಲ, ಹೈಕೋರ್ಟಿನಲ್ಲಿ ರದ್ದತಿ ಕೋರಬೇಕಾಗುತ್ತದೆ. ಹಾಗಾಗಿ ಇಡೀ ಪ್ರಕರಣವನ್ನೇ ಮುಗಿಸಿಬಿಡಿ ಎಂದು ಹಿರಿಯರು ಒತ್ತಾಯಿಸಿದರೂ, ಸಂಪರ್ಕಕ್ಕೆ ಸಂಬಂಧಿಸಿದ ನಿರ್ಬಂಧವನ್ನಷ್ಟೇ ತೆಗೆದು, ಕೌಟುಂಬಿಕ ದೌರ್ಜನ್ಯ ಎಸಗಬಾರದು, ಸ್ತ್ರೀಧನ ಮುಟ್ಟಬಾರದು, ಮನೆಯಿಂದ ಹೊರಹಾಕಬಾರದು ಎಂಬ ಅಂಶಗಳನ್ನು ಉಳಿಸಿಕೊಡುವಂತೆ 25ನೆಯ ಕಲಂ ಅಡಿಯಲ್ಲಿ ಅರ್ಜಿ ಹಾಕಿ, ಮಾರ್ಪಾಡಾದ ಆದೇಶದ ಪ್ರತಿಯನ್ನು ಮತ್ತೆ ಠಾಣೆಗೆ ತಲುಪಿಸಿ ಮೊಹರು ಹಾಕಿಸಿಕೊಳ್ಳುವುದು ಸುರಕ್ಷಿತ.